ಪಾರ್ಕಿನಲ್ಲಿ ಡ್ಯೂಟಿ ಮೇಲಿರುವ ಸ್ಪೇನಿಯಲ್ ಎದುರಾದರೆ

ಜೋಲು ಕಿವಿ, ರೇಷ್ಮೆಯಂಥ ಕೂದಲು, ನಿಲ್ಲದೆ ಆಡುವ ಬಾಲ. ಕಾಕರ್ ಸ್ಪೇನಿಯಲ್ ಕಂಡರೆ ಕೈ ತಾನಾಗಿಯೇ ಅದರ ತಲೆಯ ಕಡೆ ಹೋಗುತ್ತದೆ. ಲಂಡನ್ನಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ, ಹೈಡ್ ಪಾರ್ಕಿನಲ್ಲೋ ಬಸವೇಶ್ವರರ ಪ್ರತಿಮೆಯಿರುವ ಥೇಮ್ಸ್ ದಡದ ಉದ್ಯಾನದಲ್ಲೋ ವಾಕಿಂಗ್ ಮಾಡುವ ನಮ್ಮ ಹಿರಿಯರಿಗೂ ಅಂಥ ನಾಯಿ ಎದುರಾಗಬಹುದು. ಅದರ ಮೈಮೇಲೆ ಕಡುಗೆಂಪು ಜಾಕೆಟ್ ಇದ್ದರೆ ಮಾತ್ರ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಕಿವಿ ಕೇಳದ ಒಬ್ಬರ ಪರವಾಗಿ ಆ ನಾಯಿ ಸದ್ದುಗಳನ್ನು ಆಲಿಸುತ್ತಿರುತ್ತದೆ.

‘ಹಿಯರಿಂಗ್ ಡಾಗ್ಸ್ ಫಾರ್ ಡೆಫ್ ಪೀಪಲ್’ ಎಂಬ ಸಂಸ್ಥೆ ಬ್ರಿಟನ್ನಿನಲ್ಲಿ 1982ರಲ್ಲಿ ಶುರುವಾಯಿತು. ಲ್ಯಾಬ್ರಡಾರ್, ಪೂಡಲ್‌ಗಳ ಜೊತೆ ಕಾಕರ್ ಸ್ಪೇನಿಯಲ್‌ಗಳಿಗೂ ಅದು ತರಬೇತಿ ಕೊಡುತ್ತದೆ. ಅಲಾರಾಂ, ಕಾಲಿಂಗ್ ಬೆಲ್ ಅಥವಾ ಅಡುಗೆಮನೆಯ ಟೈಮರ್ ಸದ್ದಾದರೆ ಈ ನಾಯಿ ಬೊಗಳುವುದಿಲ್ಲ. ಮೂತಿಯಿಂದ ತಿವಿದೋ ಮುಂಗಾಲಿಟ್ಟೋ ಎಚ್ಚರಿಸಿ, ಸದ್ದು ಬಂದ ಕಡೆಗೆ ಕರೆದುಕೊಂಡು ಹೋಗುತ್ತದೆ. ಬೆಂಕಿಯ ಅಲಾರಾಂ ಹೊಡೆದುಕೊಂಡರೆ ಮಾತ್ರ ಎಲ್ಲಿಗೂ ಕರೆದೊಯ್ಯದೆ, ಮುಟ್ಟಿ ಎಚ್ಚರಿಸಿ ನೆಲಕ್ಕೆ ಮಲಗಿಬಿಡುತ್ತದೆ. ಅದು ಅಪಾಯದ ಸಂಜ್ಞೆ.

ಮನೆಗಿಂತ ಪಾರ್ಕಿನಲ್ಲಿ ಅದರ ಕೆಲಸ ಕಷ್ಟ. ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸಲೆಂದೇ ಬೆಳೆಸಿದ ತಳಿ ಸ್ಪೇನಿಯಲ್. ಎದುರಿಗೆ ಪಾರಿವಾಳ, ಮರದ ಬುಡದಲ್ಲಿ ಅಳಿಲು, ಹುಲ್ಲಿನ ಮೇಲೆ ಯಾರೋ ಬಿಟ್ಟುಹೋದ ಸ್ಯಾಂಡ್‌ವಿಚ್ ಚೂರು. ಮೂಗು ನೆಲಕ್ಕಿಳಿಯುತ್ತದೆ, ಮುಂಗಾಲು ಬಿಗಿಯಾಗುತ್ತದೆ, ಮರುಕ್ಷಣವೇ ತಲೆಯೆತ್ತಿ ಜೊತೆಗಿರುವವರ ಮುಖ ನೋಡುತ್ತದೆ. ತರಬೇತಿಯ ಫಲವೆಲ್ಲ ಆ ಒಂದು ನೋಟದಲ್ಲಿದೆ. ಹಿಂದಿನಿಂದ ಸೈಕಲ್ ಬಂದಾಗ ನಾಯಿ ಕತ್ತು ತಿರುಗಿಸುತ್ತದೆ. ಅದನ್ನು ಕಂಡು ಅವರು ಪಕ್ಕಕ್ಕೆ ಸರಿಯುತ್ತಾರೆ. ಅದೇ ಹೊತ್ತಿಗೆ ಯಾರಾದರೂ ‘ಚ್ಚು ಚ್ಚು’ ಎಂದು ಕರೆದರೆ ಆ ಸುಳಿವು ಅವರಿಗೆ ಸಿಗದೇ ಹೋಗಬಹುದು.

ಆದ್ದರಿಂದ ಮೊದಲು ಜಾಕೆಟ್ ಇದೆಯೇ ನೋಡಬೇಕು. ಹಾಗಂತ ಜಾಕೆಟ್ ಇಲ್ಲದ ನಾಯಿಯೆಲ್ಲ ಬರೀ ಸಾಕುನಾಯಿ ಎಂದುಕೊಳ್ಳುವಂತಿಲ್ಲ. ಬ್ರಿಟನ್ನಿನ ಕಾನೂನು ಜಾಕೆಟ್ಟನ್ನಾಗಲಿ ಗುರುತಿನ ಚೀಟಿಯನ್ನಾಗಲಿ ಕಡ್ಡಾಯ ಮಾಡಿಲ್ಲ.

ಎರಡನೆಯದು, ಇದೇ ಎಲ್ಲಕ್ಕಿಂತ ಮುಖ್ಯ: ನಾಯಿಯನ್ನು ಮುಟ್ಟಬಾರದು, ಕರೆಯಬಾರದು, ದಿಟ್ಟಿಸಿಯೂ ನೋಡಬಾರದು. ಮೊಮ್ಮಕ್ಕಳು ಜೊತೆಗಿದ್ದರೆ ಕೈ ಹಿಡಿದುಕೊಂಡು, ‘ಅದು ಕೆಲಸ ಮಾಡ್ತಾ ಇದೆ ಪುಟ್ಟಾ’ ಎಂದರೆ ಸಾಕು, ಮಕ್ಕಳಿಗೆ ಅರ್ಥವಾಗುತ್ತದೆ. ಜಾಕೆಟ್ ಬಿಚ್ಚಿ ಆಟಕ್ಕೆ ಬಿಟ್ಟಿದ್ದಾಗಲೂ ಮುಟ್ಟುವ ಮೊದಲು ಕೇಳಬೇಕು.

ಕೇಳುವುದು ಹೇಗೆ? ಹಿಂದಿನಿಂದ ಕೂಗಿ ಪ್ರಯೋಜನವಿಲ್ಲ. ಅವರ ಎದುರಿಗೆ ಬಂದು, ತಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ತುಟಿಗೆ ಕೈ ಅಡ್ಡ ಬಾರದಂತೆ ಸಹಜವಾಗಿ ಮಾತಾಡಬೇಕು. ಮಾತು ನಾಯಿಯೊಂದಿಗಲ್ಲ, ಅವರೊಂದಿಗೆ. ಉತ್ತರ ಬಾರದಿದ್ದರೆ ಅದನ್ನು ಸೊಕ್ಕು ಎಂದುಕೊಳ್ಳಬಾರದು. ಸೈಕಲ್ ಸವಾರರಂತೂ ಬೆಲ್ ಹೊಡೆದೆವಲ್ಲ ಎಂದು ನಂಬಿ ಮುನ್ನುಗ್ಗದೆ, ವೇಗ ತಗ್ಗಿಸಿ ದೂರದಿಂದ ದಾಟಬೇಕು.

ಬುತ್ತಿ ಬಿಚ್ಚಿದಾಗಲೂ ಎಚ್ಚರ ಬೇಕು. ಪ್ರೀತಿಯಿಂದ ಎಸೆದ ಈರುಳ್ಳಿ ಪಕೋಡ, ಒಣದ್ರಾಕ್ಷಿ ಹಾಕಿದ ಕೇಸರಿಬಾತ್, ಚಾಕೊಲೇಟ್ ನಾಯಿಗೆ ವಿಷವಾಗಬಲ್ಲವು. ತಮ್ಮದೇ ನಾಯಿ ಜೊತೆಗಿದ್ದರೆ ಬೆಲ್ಟ್ ಹಾಕಿ ಪಕ್ಕಕ್ಕೆ ಸರಿಸಿಕೊಳ್ಳಬೇಕು.

ಪಾರ್ಕಿನ ಕೆಫೆಯವರಿಗೆ ‘ನಾಯಿಗೆ ಪ್ರವೇಶವಿಲ್ಲ’ ಎಂಬ ಬೋರ್ಡ್ ತೋರಿಸಿ ಇಂಥ ನಾಯಿಯ ಜೊತೆ ಬಂದವರನ್ನು ಹೊರಗಿಡಲು ಸಾಮಾನ್ಯವಾಗಿ ಅವಕಾಶವಿಲ್ಲ. 2010ರ ಸಮಾನತಾ ಕಾಯ್ದೆ ಅಂಗವಿಕಲರಿಗೆ ಆ ರಕ್ಷಣೆ ಕೊಟ್ಟಿದೆ. ಅಮೆರಿಕದಲ್ಲಿ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಯಾವ ಕೆಲಸ ಕಲಿತಿದೆ? ದಾಖಲೆ ತೋರಿಸಿ ಎನ್ನುವಂತಿಲ್ಲ.

ಇನ್ನು, ಜಾಕೆಟ್ ತೊಟ್ಟ ಸ್ಪೇನಿಯಲ್ ಒಂಟಿಯಾಗಿ ಓಡಿಬಂದು ಮೂತಿಯಿಂದ ತಿವಿದರೆ ಅದನ್ನು ಓಡಿಸಬಾರದು, ಕಟ್ಟಿಹಾಕಲೂಬಾರದು. ಅದರ ಜೊತೆಗಿದ್ದವರು ಫಿಟ್ಸ್ ಬಂದೋ ರಕ್ತದ ಸಕ್ಕರೆ ಇಳಿದೋ ಎಲ್ಲಾದರೂ ಬಿದ್ದಿರಬಹುದು. ನಾಯಿ ಹೋದತ್ತ ಹೋಗಿ ನೋಡಬೇಕು. ಅಗತ್ಯವಿದ್ದರೆ ಬ್ರಿಟನ್ನಿನಲ್ಲಿ 999ಕ್ಕೆ ಕರೆ ಮಾಡಿ, ಪಾರ್ಕಿನ ಹೆಸರಿನ ಜೊತೆ ಹತ್ತಿರದ ಗೇಟಿನ ಹೆಸರನ್ನೂ ಹೇಳಿದರೆ ಆಂಬುಲೆನ್ಸಿನವರಿಗೆ ಜಾಗ ಬೇಗ ಸಿಗುತ್ತದೆ.