‘ಅಡ್ಜಸ್ಟ್’ ಎಂಬ ಕ್ರಿಯಾಪದ

ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಮೂವರಿಗೆಂದು ಮಾಡಿದ ಆಸನದ ತುದಿಯಲ್ಲಿ ನಾಲ್ಕನೆಯವನಿಗೂ ಎಡೆಯುಂಟು. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಹತ್ತಿದವನು ಕನ್ನಡ, ಮರಾಠಿ, ಹಿಂದಿ ಯಾವ ಭಾಷೆಯಲ್ಲಿ ಆ ಎಡೆಯನ್ನು ಬೇಡಿದರೂ ಬಾಯಿಗೆ ಬರುವ ಕ್ರಿಯಾಪದ ಒಂದೇ: ‘ಅಡ್ಜಸ್ಟ್’.

ಈ ಪದವು ಫ್ರೆಂಚಿನ ಮೂಲಕ ಆಂಗ್ಲ ಭಾಷೆಗೆ ಬಂದಿತು. ಅದರ ಬೇರು ಲ್ಯಾಟಿನ್ನಿನ ‘ಯುಕ್ಸ್ತಾ’, ಎಂದರೆ ‘ಪಕ್ಕದಲ್ಲಿ’. ಸಂಸ್ಕೃತದ ‘ಯುಕ್ತ’, ‘ಯೋಗ’ಗಳೂ ಇದೇ ಮೂಲದ ದೂರದ ಬಂಧುಗಳು. ನ್ಯಾಯವೆಂಬ ಅರ್ಥದ ‘ಜಸ್ಟ್’ ಇದರ ಬೇರೆಂದು ಜನರು ತರುವಾಯ ಭಾವಿಸಿದ್ದರಿಂದ ‘ಸರಿಪಡಿಸು’ ಎಂಬ ಅರ್ಥವು ಬಲವಾಯಿತು. ಹತ್ತಿರ ಸೇರಿಸುವುದೇ ಮೂಲಾರ್ಥವಾದುದರಿಂದ ಲೋಕಲ್ ಪ್ರಯಾಣಿಕನ ಬಳಕೆ ನಿಘಂಟಿಗೆ ದೂರವಲ್ಲ! ಕನ್ನಡದ ‘ಸರಿ’ಯಲ್ಲಿಯೂ ಇಂತಹುದೇ ಎರಡು ಅರ್ಥಗಳಿರುವುದು ಗಮನಾರ್ಹ: ಪಕ್ಕಕ್ಕೆ ಸರಿಯುವುದೂ ಸರಿ, ಒಪ್ಪಾದುದೂ ಸರಿ.

ಕನ್ನಡಕ್ಕೆ ಬಂದ ಮೇಲೆ ಈ ಪದವು ಮೂರು ವೇಷ ತೊಟ್ಟಿತು. ಕನ್ನಡಕದ ಕಡ್ಡಿಯನ್ನು ಅಡ್ಜಸ್ಟ್ ಮಾಡುತ್ತಾರೆ, ಎಂದರೆ ಸರಿಹೊಂದಿಸುತ್ತಾರೆ. ಊರಿನಿಂದ ಬಂದವನು ಮುಂಬಯಿಯ ಹವೆಗೆ ಅಡ್ಜಸ್ಟ್ ಆಗುತ್ತಾನೆ, ಎಂದರೆ ಒಗ್ಗಿಕೊಳ್ಳುತ್ತಾನೆ. ಮೂರನೆಯದಾದ ‘ಅಡ್ಜಸ್ಟ್ ಮಾಡಿಕೊ’ ಎಂಬುದಕ್ಕೆ ‘ಸಹಿಸಿಕೊ’ ಎಂದೇ ಅರ್ಥ. ಒಂದೇ ಕೋಣೆಯ ಸಂಸಾರದಲ್ಲಿ ಸೊಸೆಗೆ ಹೇಳುವುದು ಇದನ್ನೇ. ಅತ್ತೆಗೆ ಹಾಗೆ ಹೇಳಿದವರು ವಿರಳ.

ಲೆಕ್ಕಶಾಸ್ತ್ರದಲ್ಲಿ ಮಾತ್ರ ಈ ಪದಕ್ಕೆ ಕಟ್ಟುನಿಟ್ಟುಂಟು. ಮಾರ್ಚ್ 31ರ ಅಡ್ಜಸ್ಟ್‌ಮೆಂಟ್ ನಮೂದಿಗೆ ಡೆಬಿಟ್, ಕ್ರೆಡಿಟ್ ಎರಡೂ ಬದಿ ಇರಲೇಬೇಕು. ಠೇವಣಿಯನ್ನು ಸಾಲಕ್ಕೆ ಅಡ್ಜಸ್ಟ್ ಮಾಡಿದರೆ ಅಲ್ಲಿ ಕಡಮೆಯಾದಷ್ಟೇ ರೂಪಾಯಿ ಇಲ್ಲಿ ತೀರಬೇಕು. ಊರ ಕಡೆಯವರು ‘ಸಾಲಕ್ಕೆ ಮುರಿದುಕೊಂಡರು’ ಎನ್ನುವುದು ಇದನ್ನೇ. ಮನೆಮಾತಿನ ಅಡ್ಜಸ್ಟ್‌ಗೆ ಒಂದೇ ಬದಿ. ತೆತ್ತವರಾರೆಂಬುದು ಯಾವ ಪುಸ್ತಕದಲ್ಲಿಯೂ ದಾಖಲಾಗದು.

ಈ ಸಡಿಲತೆಯು ಔಷಧದ ವಿಷಯದಲ್ಲಿ ಅಪಾಯಕರವಾದುದು. ವೈದ್ಯರು ‘ಡೋಸ್ ಅಡ್ಜಸ್ಟ್ ಮಾಡಬೇಕು’ ಎಂದಾಗ ಅದರ ಹಿಂದೆ ಅಳತೆಯಿರುತ್ತದೆ: ರಕ್ತದ ಸಕ್ಕರೆಯನ್ನು ನೋಡಿ ಇನ್ಸುಲಿನ್ನಿನ ಪ್ರಮಾಣ, ಮೂತ್ರಪಿಂಡದ ಶಕ್ತಿ ಕುಂದಿದುದನ್ನು ನೋಡಿ ಮೆಟ್‌ಫಾರ್ಮಿನ್ನಿನ ಪ್ರಮಾಣ. ರೋಗಿಯು ‘ಅಡ್ಜಸ್ಟ್ ಮಾಡಿಕೊಂಡೆ’ ಎಂದಾಗಲಾದರೋ ಮಾತ್ರೆಯ ಪಟ್ಟಿ ಮುಗಿದು ಸಂಬಳದ ದಿನ ದೂರವಿದ್ದಿರಬಹುದು, ಒಂದನ್ನು ಮುರಿದು ಎರಡು ದಿನ ನುಂಗಿರಬಹುದು, ತಲೆಸುತ್ತು ನಿಂತಿತೆಂದು ರಕ್ತದೊತ್ತಡದ ಗುಳಿಗೆಯನ್ನೇ ಬಿಟ್ಟಿರಬಹುದು. ಏರಿದ ರಕ್ತದೊತ್ತಡವು ಅನೇಕರಲ್ಲಿ ಯಾವ ಲಕ್ಷಣವನ್ನೂ ತೋರದೆ ಮಿದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬರೆದುಕೊಟ್ಟ ಮಾತ್ರೆಯನ್ನೆಲ್ಲ ನುಂಗಿಯೂ ಒತ್ತಡ ಇಳಿದಿಲ್ಲವೆಂದು ಭಾವಿಸಿದ ವೈದ್ಯರು ಇನ್ನೊಂದು ಮಾತ್ರೆಯನ್ನು ಸೇರಿಸುವುದೂ ಉಂಟು. ಆಗ ರೋಗಿಯು ಎಲ್ಲವನ್ನೂ ಒಮ್ಮೆಗೇ ನುಂಗತೊಡಗಿದರೆ ಒತ್ತಡವು ಮಿತಿಮೀರಿ ಇಳಿದು ಕುಸಿದುಬೀಳಬಹುದು.

ಆದುದರಿಂದ ವೈದ್ಯರ ಮುಂದೆ ಈ ಆಂಗ್ಲ ಪದವನ್ನು ಬದಿಗಿಟ್ಟು, ‘ಹೋದ ವಾರ ಮೂರು ದಿನ ಮಾತ್ರೆ ನುಂಗಲಿಲ್ಲ, ದುಡ್ಡಿರಲಿಲ್ಲ’ ಎಂದು ಕನ್ನಡದಲ್ಲಿಯೋ ಅವರಿಗೆ ತಿಳಿಯುವ ಭಾಷೆಯಲ್ಲಿಯೋ ಬಿಡಿಸಿ ಹೇಳುವುದು ಯುಕ್ತ. ಅಗ್ಗದ ಜೆನೆರಿಕ್ ಮಾತ್ರೆಯನ್ನು ಬರೆದುಕೊಡಲು ಅವರಿಗೆ ಅಷ್ಟು ತಿಳಿದರೆ ಸಾಕು.