ಸೆಕೆಂಡ್ ಹ್ಯಾಂಡ್ ‘ಶಾರ್ಪ್’ ಕೊಳ್ಳುವವರಿಗೆ

ಶ್ರೀರಂಗಪಟ್ಟಣದ ಮುತ್ತಿಗೆಯ ಮೇಲೆ ಇಂಗ್ಲಿಷರು ಬರೆದ ಸಾಹಸ ಕಾದಂಬರಿಗಳನ್ನು ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕುವುದು ನನ್ನ ಬಹುಕಾಲದ ಚಟ. ಬೆಂಗಳೂರಿನ ಅವೆನ್ಯೂ ರೋಡಿನ ರಾಶಿಯಲ್ಲೂ ಚರ್ಚ್ ಸ್ಟ್ರೀಟಿನ ಕಪಾಟುಗಳಲ್ಲೂ ಕೈಯಾಡಿಸಿ ಕಲಿತದ್ದು ಇಷ್ಟು.

1. ಪುಸ್ತಕವನ್ನು ಹಿಂದಿನಿಂದ ತೆರೆಯಿರಿ. ಬರ್ನಾರ್ಡ್ ಕಾರ್ನ್‌ವೆಲ್ ಬರೆದ ‘ಶಾರ್ಪ್ಸ್ ಟೈಗರ್’ನ (1997) ಕೊನೆಯಲ್ಲಿ ಇತಿಹಾಸದ ಬಗ್ಗೆ ಲೇಖಕರದೇ ಟಿಪ್ಪಣಿಯಿದೆ. ಹಳೇ ಪ್ರತಿಗಳಲ್ಲಿ ಮೊದಲು ಕಳಚಿ ಬೀಳುವುದೇ ಕೊನೆಯ ಹಾಳೆಗಳು. ಅವಿಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ. ಏಕೆಂದರೆ ಕಥೆಯಲ್ಲಿ ಟಿಪ್ಪುವನ್ನು ಕೊಲ್ಲುವವನು ನಾಯಕ ರಿಚರ್ಡ್ ಶಾರ್ಪ್. ಇತಿಹಾಸದಲ್ಲಿ 1799ರ ಮೇ 4ರಂದು ಸುಲ್ತಾನನನ್ನು ಕೊಂದ ಸಿಪಾಯಿ ಯಾರೆಂದು ಇಂದಿಗೂ ಗೊತ್ತಿಲ್ಲ. ಕಾದಂಬರಿಯಲ್ಲಿ ಲಗ್ಗೆಯ ಹೊತ್ತಿಗೆ ಒಂದು ಭಾರಿ ಸ್ಫೋಟ ಬರುತ್ತದೆ. ನಿಜವಾದ ಸ್ಫೋಟ ಆದದ್ದು ಅದಕ್ಕೂ ಎರಡು ದಿನ ಮುಂಚೆ, ಇಂಗ್ಲಿಷರ ಗುಂಡು ಕೋಟೆಯೊಳಗಿನ ಮದ್ದಿನ ದಾಸ್ತಾನಿಗೆ ಬಿದ್ದು. ಎಲ್ಲಿ ಬದಲಿಸಿದೆ ಎಂದು ಲೇಖಕರೇ ಲೆಕ್ಕ ಒಪ್ಪಿಸುವುದು ಆ ಟಿಪ್ಪಣಿಯಲ್ಲಿ. ನನಗಂತೂ ಕಾದಂಬರಿಯಷ್ಟೇ ರುಚಿ ಅದರಲ್ಲೂ ಸಿಕ್ಕಿದೆ.

2. ನಕ್ಷೆ ಇದೆಯೇ ನೋಡಿ.

3. ಬರೆದ ಕ್ರಮ ಬೇರೆ, ಕಥೆಯ ಕ್ರಮ ಬೇರೆ. ಶಾರ್ಪ್ ಕಾದಂಬರಿಗಳ ಸರಣಿ ಶುರುವಾದದ್ದು 1981ರಲ್ಲಿ, ‘ಶಾರ್ಪ್ಸ್ ಈಗಲ್’ನಿಂದ, ಅದು 1809ರ ಸ್ಪೇನಿನ ಕಥೆ. ಹದಿನಾರು ವರ್ಷ ಬಿಟ್ಟು ಕಾರ್ನ್‌ವೆಲ್ ‘ಟೈಗರ್’ನಲ್ಲಿ ನಾಯಕನನ್ನು ಹಿಂದಕ್ಕೆ, ನಮ್ಮ ಕಾವೇರಿ ತೀರಕ್ಕೆ ಕರೆತಂದರು. ಇಲ್ಲಿ ಅವನು ಬರೀ ಸಿಪಾಯಿ, ಅಕ್ಷರವೂ ಬಾರದು. ಓದಲು ಕಲಿಯುವುದೇ ಟಿಪ್ಪುವಿನ ಸೆರೆಯಲ್ಲಿ. ಆಮೇಲಿನ ‘ಟ್ರಯಂಫ್’ ಮತ್ತು ‘ಫೋರ್ಟ್ರೆಸ್’ ಎರಡೂ 1803ರ ಮರಾಠಾ ಯುದ್ಧದವು. ನಮ್ಮ ಕಡೆಯ ಓದುಗರು ಈ ಮೂರರಿಂದ ಶುರು ಮಾಡುವುದೇ ಸರಿ.

4. ರಕ್ಷಾಪುಟಕ್ಕೆ ಮರುಳಾಗಬೇಡಿ. 1993ರಿಂದ ಬಂದ ಟಿವಿ ಸರಣಿಯ ನಟ ಶಾನ್ ಬೀನ್ ಅನೇಕ ಪೇಪರ್‌ಬ್ಯಾಕ್‌ಗಳ ಮೇಲೆ ಕೆಂಚುಗೂದಲು ಬಿಟ್ಟುಕೊಂಡು ನಿಂತಿದ್ದಾರೆ. ಪುಸ್ತಕದ ಶಾರ್ಪ್‌ನ ಕೂದಲು ಕಪ್ಪು! ಮುಖ ನೋಡುವ ಬದಲು ಬೆನ್ನು ನೋಡಿ. ಅಗ್ಗದ ಪೇಪರ್‌ಬ್ಯಾಕ್‌ಗೆ ಹೊಲಿಗೆ ಇರುವುದಿಲ್ಲ, ಬರೀ ಗೋಂದು. ವರ್ಷಗಳು ಕಳೆದಂತೆ ಅದು ಒಣಗುತ್ತದೆ. ಅಂಗೈ ಮೇಲೆ ಪೂರ್ತಿ ಬಿಡಿಸಿದರೆ ನಡುವೆ ಚಟ್ಟನೆ ಸೀಳುತ್ತದೆ. ಅರ್ಧ ತೆರೆದು, ಒಳಮಡಿಕೆಗೆ ಮೂಗು ತಾಗಿಸಿ. ಮುಗ್ಗು ವಾಸನೆ ಬಂದರೆ ಮನೆಯ ಕಪಾಟಿಗೆ ಸೇರಿಸಬೇಡಿ, ಪಕ್ಕದ ಪುಸ್ತಕಗಳಿಗೂ ಹಬ್ಬೀತು.

5. ‘ಹಳೆಯದು’ ಎಂದ ಮಾತ್ರಕ್ಕೆ ದುಬಾರಿ ಅಲ್ಲ. ಜಿ.ಎ. ಹೆಂಟಿ ಹುಡುಗರಿಗಾಗಿ ಬರೆದ ‘ದಿ ಟೈಗರ್ ಆಫ್ ಮೈಸೂರ್’ ಸಿಕ್ಕಿದರೆ ಶೀರ್ಷಿಕೆ ಪುಟದಲ್ಲಿ ಇಸವಿ ಹುಡುಕಿ. ಬ್ಲ್ಯಾಕಿ ಪ್ರಕಾಶನದವರು ಹೆಂಟಿಯ ಮೊದಲ ಮುದ್ರಣಗಳಲ್ಲಿ ಇಸವಿ ಹಾಕುತ್ತಿದ್ದರು, ಮರುಮುದ್ರಣಗಳಲ್ಲಿ ಸಾಮಾನ್ಯವಾಗಿ ಬಿಡುತ್ತಿದ್ದರು. ಇಸವಿ ಇಲ್ಲದ ಪ್ರತಿಗೆ ಧಾರಾಳವಾಗಿ ಚೌಕಾಸಿ ಮಾಡಿ. ಹೆಂಟಿಯದು ಸಾಮ್ರಾಜ್ಯದ ಹೆಮ್ಮೆಯ ಬರವಣಿಗೆ, ಟಿಪ್ಪು ಅಲ್ಲಿ ಬರೀ ಖಳ. ಕಾರ್ನ್‌ವೆಲ್ ಆ ಮಟ್ಟಿಗೆ ನ್ಯಾಯವಂತರು. ಅವರ ಸುಲ್ತಾನನಿಗೆ ಧೈರ್ಯವೂ ಇದೆ, ಬುದ್ಧಿಯೂ ಇದೆ.

6. ಓದಿದ ಮೇಲೆ ಪುಸ್ತಕ ಹಿಡಿದೇ ಶ್ರೀರಂಗಪಟ್ಟಣಕ್ಕೆ ಹೋಗಿ. ಕೋಟೆ ಒಡೆದದ್ದು ವಾಯವ್ಯ ಮೂಲೆಯಲ್ಲಿ. ಅಲ್ಲೊಂದು ಸ್ಮಾರಕ ಸ್ತಂಭವೂ ಇದೆ. ಮಳೆಗೆ ಹೊಳೆ ಏರುವ ಮುಂಚೆ ದಾಟಬೇಕೆಂಬುದೇ ಇಂಗ್ಲಿಷರ ಅವಸರಕ್ಕೆ ಕಾರಣ. ಆ ನದಿಯ ಹರಿವನ್ನು ಈಗ ಮೇಲ್ಗಡೆಯ ಕನ್ನಂಬಾಡಿ ಕಟ್ಟೆ ನಿರ್ಧರಿಸುತ್ತದೆ. ಆದರೂ ಬೇಸಿಗೆಯಲ್ಲೇ ಹೋಗಿ, ಬಂಡೆಗಳು ಕಾಣುತ್ತವೆ.