ಪಂಪಿನ ಸೀಲು: ಸಣ್ಣ ಬಿಡಿಭಾಗ, ದೊಡ್ಡ ನಷ್ಟ



ಹೂಮಳೆ ಬಾರದೆ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ–ಮಾರ್ಚಿಯಲ್ಲಿ ಪಂಪು ಕೈಕೊಟ್ಟರೆ ಏನಾಗುವುದೆಂದು ನಮಗೆಲ್ಲ ಗೊತ್ತು. ನೀರು ಅರೆಬರೆಯಾದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಬೇಸಿಗೆಯ ಅಡಿಕೆ ತೋಟವೂ ಹೆಚ್ಚು ದಿನ ಕಾಯಲಾರದು. ಹೀಗೆ ಪಂಪು ನಿಲ್ಲಲು ಎಷ್ಟೋ ಸಲ ಕಾರಣ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಸೀಲು.

ಪಂಪಿನ ಶಾಫ್ಟು ತಿರುಗುತ್ತದೆ, ಕೇಸಿಂಗು ತಿರುಗುವುದಿಲ್ಲ. ಇವೆರಡರ ಸಂದಿನಿಂದ ನೀರು ಹೊರಬಾರದಂತೆ ತಡೆಯಬೇಕು. ಹಳೆಯ ಪಂಪುಗಳಲ್ಲಿ ಇದಕ್ಕಾಗಿ ಗ್ರಾಫೈಟ್ ಹಗ್ಗ ಸುತ್ತಿ ಗ್ಲ್ಯಾಂಡ್ ಬಿಗಿಯುತ್ತೇವೆ. ಅಲ್ಲಿ ಹನಿ ಹನಿಯಾಗಿ ನೀರು ತೊಟ್ಟಿಕ್ಕುತ್ತಿರಲೇಬೇಕು. ಆ ನೀರೇ ಹಗ್ಗವನ್ನೂ ಶಾಫ್ಟನ್ನೂ ತಂಪಾಗಿಡುತ್ತದೆ. ಪೂರಾ ನಿಲ್ಲುವಂತೆ ಬಿಗಿದರೆ ಶಾಫ್ಟು ಸವೆಯುತ್ತದೆ.

ಅನೇಕ ಮಾನೋಬ್ಲಾಕ್ ಪಂಪುಗಳಲ್ಲಿ ಹಗ್ಗದ ಬದಲು ಮೆಕ್ಯಾನಿಕಲ್ ಸೀಲು ಇರುತ್ತದೆ. ಇದರಲ್ಲಿ ಎರಡು ಉಂಗುರಗಳು. ಸಾಮಾನ್ಯವಾಗಿ ಕಾರ್ಬನ್ನಿನದು ಶಾಫ್ಟಿನ ಜೊತೆ ತಿರುಗುತ್ತದೆ, ಸಿರಾಮಿಕ್ಕಿನದು ಸ್ಥಿರವಾಗಿರುತ್ತದೆ. ನುಣುಪಾದ ಇವುಗಳ ಮುಖಗಳನ್ನು ಸ್ಪ್ರಿಂಗು ಒತ್ತಿ ಹಿಡಿಯುತ್ತದೆ. ನಡುವೆ ಇರುವ ಅತಿ ತೆಳುವಾದ ನೀರಿನ ಪದರವೇ ಇವುಗಳಿಗೆ ಎಣ್ಣೆಯಿದ್ದಂತೆ. ಆ ಪದರ ಆರಿದರೆ ಸೀಲು ಕೆಟ್ಟಂತೆಯೇ.

ಇದನ್ನು ನಾವು ಪೆಟ್ಟು ತಿಂದೇ ಕಲಿತೆವು. ಒಂದು ಬೇಸಿಗೆಯಲ್ಲಿ ಫುಟ್‌ವಾಲ್ವಿಗೆ ಕಸ ಸಿಕ್ಕಿ ಪೈಪಿನ ನೀರು ಇಳಿದುಹೋಗಿತ್ತು. ರಾತ್ರಿ ಕರೆಂಟು ಬಂದೊಡನೆ ಆಟೋ ಸ್ಟಾರ್ಟರಿನಿಂದ ಪಂಪು ಚಾಲೂ ಆಗಿ ಬೆಳಗಿನವರೆಗೆ ನೀರಿಲ್ಲದೆ ಓಡಿತು. ಸಿರಾಮಿಕ್ ಉಂಗುರ ಬಿರುಕು ಬಿಟ್ಟಿತ್ತು, ರಬ್ಬರು ಸುಟ್ಟಿತ್ತು. ಹೊಸ ಸೀಲು ಹಾಕಿಸಿದೆವು. ವಾರದೊಳಗೆ ಮತ್ತೆ ಸೋರಿತು. ಬೇರಿಂಗು ಸವೆದು ಶಾಫ್ಟು ಅಲ್ಲಾಡುತ್ತಿದ್ದುದನ್ನು ನಾವು ನೋಡಿರಲಿಲ್ಲ. ಅಷ್ಟರಲ್ಲಿ ಹೂವಿನ ಸಮಯ ಮುಗಿದಿತ್ತು.

ಆದ್ದರಿಂದ ಗಮನಿಸಬೇಕಾದುವು:

1. ನೀರು ತುಂಬಿಸಿ ಗಾಳಿ ಹೋಗಲಾಡಿಸದೆ ಪಂಪು ಚಾಲೂ ಮಾಡಬಾರದು. ಆಟೋ ಸ್ಟಾರ್ಟರ್ ಇದ್ದರೆ ನೀರಿಲ್ಲದಾಗ ನಿಲ್ಲಿಸುವ ಸಾಧನವೂ ಇರಲಿ.

2. ಮೆಕ್ಯಾನಿಕಲ್ ಸೀಲಿನಲ್ಲಿ ಹನಿ ಬಿದ್ದರೆ ಬಿಗಿಯಲು ಏನೂ ಇಲ್ಲ, ಬದಲಾಯಿಸಬೇಕು. ತಡಮಾಡಿದರೆ ನೀರು ಬೇರಿಂಗಿಗೂ ಮೋಟಾರಿಗೂ ಇಳಿಯುತ್ತದೆ.

3. ಎರಡೂ ಉಂಗುರಗಳನ್ನು ಜೊತೆಯಾಗಿಯೇ ಬದಲಾಯಿಸಿ. ಮುಖಗಳಿಗೆ ಕೈಯ ಜಿಡ್ಡಾಗಲಿ ಗ್ರೀಸಾಗಲಿ ತಾಗಬಾರದು.

4. ಮರಳು ಮುಖಗಳನ್ನು ಗೀರುತ್ತದೆ. ಫುಟ್‌ವಾಲ್ವನ್ನು ಕೆರೆಯ ತಳದಿಂದ ಮೇಲಕ್ಕೆ ಇರಿಸಿ.

5. ಹೊಸ ಸೀಲು ಹಾಕುವ ಮೊದಲು ಶಾಫ್ಟು ಅಲ್ಲಾಡಿಸಿ ನೋಡಿ.

ಜನವರಿಯಲ್ಲೇ ಪಂಪು ಒಮ್ಮೆ ಓಡಿಸಿ ಪರೀಕ್ಷಿಸಿ, ಶಾಫ್ಟಿನ ಅಳತೆಗೆ ಸರಿಯಾದ ಒಂದು ಸೀಲು ತಂದಿಟ್ಟುಕೊಳ್ಳಿ. ಅದರ ಬೆಲೆಯನ್ನು ಒಂದು ವರ್ಷದ ಫಸಲಿನೊಡನೆ ಹೋಲಿಸಿದರೆ ಹೆಚ್ಚು ಹೇಳಬೇಕಾಗಿಲ್ಲ.

— ಕಾರ್ಯದರ್ಶಿ